ನಿಂತ ಮನೋಭಾವದ ಏಕೈಕ ವಿದ್ಯಾರ್ಥಿನಿ

ಮನುಷ್ಯನಿಗೆ ಸ್ವಭಾವ ಎಂಬುದೊಂದಿದೆ ಎಂಬ ಸಂಗತಿಯನ್ನು ನಮ್ಮ ಕಾಲೇಜು ಅಧಿಕೃತವಾಗಿ ಒಪ್ಪಿಕೊಂಡದ್ದು ಕಳೆದ ಶೈಕ್ಷಣಿಕ ವರ್ಷದ ನಡುವೆ. ಅದಕ್ಕೂ ಮೊದಲು ನಮ್ಮ ವಿದ್ಯಾರ್ಥಿಗಳಿಗೆ ಹಾಜರಾತಿ ಮಾತ್ರ ಇತ್ತು.

ಸ್ವಭಾವವನ್ನು ಕಂಡುಹಿಡಿದವರು ಮನಶ್ಶಾಸ್ತ್ರದ ಮೇಡಂ. ಆ ಹೊತ್ತಿಗೆ ಕಾಲೇಜಿನ ಅಸೈನ್‌ಮೆಂಟುಗಳೆಲ್ಲ ಒಂದೇ ವಾಕ್ಯದಿಂದ ಶುರುವಾಗತೊಡಗಿದ್ದವು. ವಿಷಯ ಮಣ್ಣಿನ ಸವಕಳಿಯೇ ಇರಲಿ, ಷೇರು ಪೇಟೆಯೇ ಇರಲಿ, ಎಲ್ಲರೂ 'ಇಂದಿನ ವೇಗದ ಜಗತ್ತಿನಲ್ಲಿ' ಎಂದು ಆರಂಭಿಸಿ 'ಒಟ್ಟಾರೆಯಾಗಿ ಹೇಳುವುದಾದರೆ' ಎಂದು ಮುಗಿಸುತ್ತಿದ್ದರು. ಎಐ ಬರೆಯುತ್ತಿತ್ತು, ಮಕ್ಕಳು ಸಲ್ಲಿಸುತ್ತಿದ್ದರು, ನಾವು ಅದನ್ನು ಇನ್ನೊಂದು ಎಐಗೆ ಕೊಟ್ಟು ಅಂಕ ಹಾಕಿಸುತ್ತಿದ್ದೆವು. ಎರಡು ಯಂತ್ರಗಳ ನಡುವೆ ಒಳ್ಳೆಯ ಹೊಂದಾಣಿಕೆಯಿತ್ತು. ಯಾರ ಮೇಲೂ ಯಾರಿಗೂ ದೂರಿರಲಿಲ್ಲ.

ಮೇಡಂ ಅವರಿಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಅದೇ ಯಂತ್ರವನ್ನು ಒಬ್ಬ ಊರುಗೋಲಿನಂತೆ ಹಿಡಿದುಕೊಳ್ಳುವುದೇಕೆ, ಇನ್ನೊಬ್ಬಳು ಅದರ ಜೊತೆ ಜಗಳಕ್ಕೆ ಬೀಳುವುದೇಕೆ? ಅವರು ಬಹಳ ದಿನ ಮಕ್ಕಳನ್ನು ಮಾತನಾಡಿಸಿದರು, ಲೆಕ್ಕ ಹಾಕಿದರು, ಕೊನೆಗೆ ಒಂದು ವಿಚಾರ ಸಂಕಿರಣದಲ್ಲಿ ತಾವು ಕಂಡದ್ದನ್ನು ಹೇಳಿದರು. ತಪ್ಪಾದೀತೆಂದು ಹೆದರುವವರು ಇಡೀ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿಬಿಡುತ್ತಾರೆ. ಪ್ರಯತ್ನಪಟ್ಟರೆ ಬುದ್ಧಿ ಬೆಳೆಯುತ್ತದೆ ಎಂದು ನಂಬಿದವರು ಯಂತ್ರದ ಜೊತೆ ವಾದ ಮಾಡುತ್ತಾರೆ. ಹಾಗಾಗಿ ಸ್ವಭಾವಕ್ಕೂ ಎಐ ಬಳಕೆಗೂ ಸಂಬಂಧ ಇದೆ. ಆದರೆ ಆ ಸಂಬಂಧ ತೀರ ಸಣ್ಣದು, ಯಾವುದು ಕಾರಣ ಯಾವುದು ಪರಿಣಾಮ ಎಂದು ಹೇಳಲು ಬರುವುದಿಲ್ಲ, ಇದನ್ನು ಹಿಡಿದು ಯಾರ ಬಗ್ಗೆಯೂ ತೀರ್ಮಾನಕ್ಕೆ ಬರಬಾರದು ಎಂದೂ ಅವರು ಹೇಳಿದರು.

ಪ್ರಾಂಶುಪಾಲರು 'ಸಂಬಂಧ ಇದೆ' ಎಂಬಲ್ಲಿಯವರೆಗೆ ಗಮನವಿಟ್ಟು ಕೇಳಿದರು. 'ಆದರೆ' ಎಂಬಲ್ಲಿ ಅವರಿಗೆ ಫೋನ್ ಬಂತು. ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ವಂದನಾರ್ಪಣೆ ನಡೆಯುತ್ತಿತ್ತು.

ಮರುವಾರ ಸುತ್ತೋಲೆ ಹೊರಬಿತ್ತು.

"ವಿಷಯ: ವಿದ್ಯಾರ್ಥಿಗಳ ಮನೋಭಾವ ನಿಗದಿಪಡಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಿದ್ಯಾರ್ಥಿಗಳು ಬೆಳೆಯುವ ಮನೋಭಾವದವರು ಮತ್ತು ನಿಂತ ಮನೋಭಾವದವರು ಎಂಬ ಎರಡು ಬಗೆಯಲ್ಲಿ ದೊರೆಯುತ್ತಾರೆಂದು ಸಂಶೋಧನೆಯಿಂದ ದೃಢಪಟ್ಟಿರುತ್ತದೆ. ಬೆಳೆಯುವ ಮನೋಭಾವದವರು ಎಐ ಬಳಸಬಹುದು. ನಿಂತ ಮನೋಭಾವದವರು ಬಳಸತಕ್ಕದ್ದಲ್ಲ. ಬಳಸಿದಲ್ಲಿ ಸದರಿ ಮನೋಭಾವವು ಇನ್ನಷ್ಟು ನಿಲ್ಲುವ ಸಂಭವವಿರುತ್ತದೆ. ಮನೋಭಾವ ದೃಢೀಕರಣವಿಲ್ಲದವರಿಗೆ ಹಾಲ್ ಟಿಕೆಟ್ ನೀಡಲಾಗುವುದಿಲ್ಲ. ಯಾವುದೇ ಸ್ವಭಾವವಿಲ್ಲದ ವಿದ್ಯಾರ್ಥಿಗಳು ಆ ಬಗ್ಗೆ ಪೋಷಕರಿಂದ ಬರೆಸಿಕೊಂಡು ಬರತಕ್ಕದ್ದು."

ಮನೋಭಾವ ಪರಿಶೀಲನಾ ಸಮಿತಿಯೂ ರಚನೆಯಾಯಿತು. ಪ್ರಾಂಶುಪಾಲರು ಅಧ್ಯಕ್ಷರು. ಮನಶ್ಶಾಸ್ತ್ರದ ಮೇಡಂ ತಜ್ಞ ಸದಸ್ಯೆ. ಕಚೇರಿಯ ಸೂಪರಿಂಟೆಂಡೆಂಟ್ ಕಾರ್ಯದರ್ಶಿ. ಭೂಗೋಳದ ಅಧ್ಯಾಪಕನಾದ ನನ್ನನ್ನು ಸದಸ್ಯನನ್ನಾಗಿ ತೆಗೆದುಕೊಂಡರು. ಕಾಲೇಜಿನಲ್ಲಿ ಖಾಲಿಯಿದ್ದದ್ದು ನಕ್ಷೆಗಳ ಕೋಣೆಯೊಂದೇ, ಅದರ ಬೀಗದ ಕೈ ನನ್ನಲ್ಲಿತ್ತು.

ಮೊದಲ ಸಭೆಯಲ್ಲೇ ಮೇಡಂ ಆಕ್ಷೇಪ ಎತ್ತಿದರು.

"ಸರ್, ನಾನು ಹೀಗೆ ಹೇಳಿರಲಿಲ್ಲ. ಜನರನ್ನ ಎರಡು ಡಬ್ಬಿಗೆ ತುಂಬೋಕೆ ಆಗಲ್ಲ. ಒಬ್ಬರೇ ಬೆಳಿಗ್ಗೆ ಒಂದು ಥರ ಇರ್ತಾರೆ, ಸಂಜೆ ಇನ್ನೊಂದು ಥರ ಇರ್ತಾರೆ."

"ಸಂಬಂಧ ಇದೆ ಅಂದ್ರಿ ತಾನೆ ಮೇಡಂ?"

"ಇದೆ ಅಂದೆ. ಸಣ್ಣದು ಅಂತಾನೂ ಅಂದೆ."

"ನಮ್ಮದೂ ಸಣ್ಣ ಕಾಲೇಜು. ಅಷ್ಟು ಸಾಕು."

ಸಂಬಂಧದ ಗಾತ್ರವು ಕಾಲೇಜಿನ ಗಾತ್ರಕ್ಕೆ ಹೊಂದಿಕೆಯಾಗುತ್ತದೆ ಎಂದು ಸೂಪರಿಂಟೆಂಡೆಂಟ್ ನಡಾವಳಿಯಲ್ಲಿ ದಾಖಲಿಸಿದರು. ತೀರ್ಮಾನ ಸರ್ವಾನುಮತದ್ದಾಯಿತು. ಮೇಡಂ ಅವರ ಮತವನ್ನೂ ಅದರಲ್ಲೇ ಸೇರಿಸಲಾಯಿತು.

ಮನೋಭಾವ ತಿಳಿಯಲು ಮಕ್ಕಳಿಗೆ ಕೆಲವು ಪ್ರಶ್ನೆಗಳನ್ನು ಕಳಿಸಲಾಯಿತು. ಕಷ್ಟದ ಕೆಲಸ ಎದುರಾದಾಗ ನಿಮಗೆ ಏನನ್ನಿಸುತ್ತದೆ, ಸೋತಾಗ ಏನು ಮಾಡುತ್ತೀರಿ, ನಿಮಗೆ ಕುತೂಹಲ ಇದೆಯೇ, ಇದ್ದರೆ ಎಷ್ಟು. ಮನೆಯಲ್ಲೇ ಕೂತು ಉತ್ತರಿಸಬಹುದಿತ್ತು. ಉತ್ತರಗಳು ಪ್ರಾಮಾಣಿಕವಾಗಿರಬೇಕು ಎಂದು ದಪ್ಪಕ್ಷರದಲ್ಲಿ ತಿಳಿಸಲಾಗಿತ್ತು. ಮಕ್ಕಳು ಬೇರೆ ಪ್ರಶ್ನೆಗಳಿಗೆ ಏನು ಮಾಡುತ್ತಿದ್ದರೋ ಇವಕ್ಕೂ ಅದನ್ನೇ ಮಾಡಿದರು. ಯಂತ್ರಕ್ಕೆ ಕೊಟ್ಟು ಪ್ರಾಮಾಣಿಕವಾಗಿ ಬರೆದುಕೊಡು ಎಂದರು.

ಫಲಿತಾಂಶ ಕಂಡು ಪ್ರಾಂಶುಪಾಲರ ಕಣ್ಣು ತುಂಬಿ ಬಂತು. ಇಡೀ ಕಾಲೇಜಿಗೆ ಬೆಳೆಯುವ ಮನೋಭಾವವಿತ್ತು. ಹಿಂದಿನ ಬೆಂಚಿನಲ್ಲಿ ಮಲಗುವವರು, ಗೇಟಿನ ಹೊರಗೇ ಉಳಿಯುವವರು, ಮೂರು ವರ್ಷದ ಪದವಿಯನ್ನು ಎಷ್ಟು ವರ್ಷವಾದರೂ ಬಿಡದವರು, ಎಲ್ಲರೂ 'ಸೋಲನ್ನು ನಾನು ಸೋಲೆಂದು ಕಾಣದೆ ಕಲಿಕೆಯ ಮೆಟ್ಟಿಲೆಂದು ಕಾಣುತ್ತೇನೆ' ಎಂದು ಬರೆದಿದ್ದರು.

"ಎಲ್ಲರದ್ದೂ ಒಂದೇ ವಾಕ್ಯ ಇದೆ ಸರ್," ಎಂದೆ ನಾನು.

"ಎಲ್ಲರಿಗೂ ಒಂದೇ ಶಿಕ್ಷಣ ಕೊಟ್ಟಿದ್ದೀವಲ್ಲ," ಎಂದರು ಪ್ರಾಂಶುಪಾಲರು.

ವಾಣಿಜ್ಯ ವಿಭಾಗದ ಒಬ್ಬ ಹುಡುಗನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಯಾವ ಕೆಲಸವನ್ನು ಕೊಟ್ಟರೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಿದ್ದುದರಿಂದ ಅವನನ್ನು ಎಲ್ಲರೂ ಚಿಟಿಕೆ ಎಂದೇ ಕರೆಯುತ್ತಿದ್ದರು. ಅವನ ಉತ್ತರದ ಕೊನೆಯಲ್ಲಿ 'ಬೇಕಿದ್ದರೆ ಇದನ್ನು ಇನ್ನೂ ವಿನಯವಾಗಿ ಬರೆದುಕೊಡುತ್ತೇನೆ' ಎಂಬ ಸಾಲು ಉಳಿದುಹೋಗಿತ್ತು. ಸೂಪರಿಂಟೆಂಡೆಂಟ್ ಅದಕ್ಕೆ 'ವಿನಯ ಅಗತ್ಯಕ್ಕಿಂತ ಹೆಚ್ಚಿಗೆ ಲಭ್ಯವಿದೆ' ಎಂದು ಶರಾ ಬರೆದು ಅಂಕ ಸೇರಿಸಿದ್ದರು.

ಒಬ್ಬಳು ಮಾತ್ರ ಬಾಕಿ ಉಳಿದಳು.

ಅವಳು ನನ್ನದೇ ವಿಭಾಗದ ಹುಡುಗಿ. ಬಾಯಿ ತೆರೆದರೆ ಯಾಕೆ ಎನ್ನುತ್ತಿದ್ದುದರಿಂದ ತರಗತಿಯವರು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ನಕ್ಷೆಯಲ್ಲಿ ಉತ್ತರ ದಿಕ್ಕು ಯಾಕೆ ಮೇಲೆ ಇರುತ್ತೆ ಎಂದು ಒಮ್ಮೆ ಕೇಳಿ ನನ್ನ ಒಂದು ಇಡೀ ಪಿರಿಯಡ್ ತಿಂದಿದ್ದಳು. ಎಐ ಅನ್ನು ಅವಳೂ ಬಳಸುತ್ತಿದ್ದಳು. ಅದು ಏನಾದರೂ ಹೇಳಿದರೆ ಯಾಕೆ ಎನ್ನುವುದು, ಅದು ಕಾರಣ ಕೊಟ್ಟರೆ ಆ ಕಾರಣಕ್ಕೂ ಯಾಕೆ ಎನ್ನುವುದು, ಕೊನೆಗೆ ಅದು ಮೊದಲು ಹೇಳಿದ್ದಕ್ಕೆ ಉಲ್ಟಾ ಹೊಡೆದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಲೈಬ್ರರಿಗೆ ಹೋಗಿ ಯಾವುದು ಸರಿ ಎಂದು ಹುಡುಕುವುದು. ಮನೋಭಾವದ ಪ್ರಶ್ನೆಗಳಿಗೆ ಮಾತ್ರ ತಾನೇ ಉತ್ತರ ಬರೆದಿದ್ದಳು. ಸಮಿತಿ ಅವಳನ್ನು ವಿಚಾರಣೆಗೆ ಕರೆಸಿತು.

ನಕ್ಷೆಗಳ ಕೋಣೆಯಲ್ಲಿ ಸುರುಳಿ ಸುತ್ತಿದ ನಕ್ಷೆಗಳನ್ನು ಒಂದು ಮೂಲೆಗೆ ಒರಗಿಸಿ ಮೇಜು ಹಾಕಲಾಗಿತ್ತು. ಮೇಜಿನ ಮೇಲೊಂದು ಹಳೆಯ ಭೂಗೋಲ. ಅದರ ಮೇಲಿದ್ದ ಕೆಲವು ದೇಶಗಳು ಈಗ ಇಲ್ಲ.

"ಏನಮ್ಮ, ಕಷ್ಟದ ಕೆಲಸ ಅಂದ್ರೆ ನಿನಗೆ ಖುಷಿ ಆಗಲ್ವಂತೆ?" ಎಂದರು ಪ್ರಾಂಶುಪಾಲರು.

"ಯಾವ ಕೆಲಸ ಅನ್ನೋದರ ಮೇಲೆ ಸರ್. ಲೆಕ್ಕ ಬಿಡಿಸೋದ್ರಲ್ಲಿ ಆಗುತ್ತೆ. ಸೀದ ಪಾತ್ರೆ ತಿಕ್ಕೋದ್ರಲ್ಲಿ ಆಗಲ್ಲ."

'ಪಾತ್ರೆಗೆ ಸಂಬಂಧಿಸಿದಂತೆ ಮನೋಭಾವ ನಿಂತಿದೆ' ಎಂದು ಸೂಪರಿಂಟೆಂಡೆಂಟ್ ಬರೆದುಕೊಂಡರು.

"ಸೋತಾಗ ಏನು ಮಾಡ್ತೀಯ?"

"ಮೊದಲು ಅಳ್ತೀನಿ. ಆಮೇಲೆ ಊಟ ಮಾಡ್ತೀನಿ. ಆಮೇಲೆ ಎಲ್ಲಿ ತಪ್ಪಾಯ್ತು ಅಂತ ನೋಡ್ತೀನಿ."

"ಮೆಟ್ಟಿಲು ಅನ್ನೋ ಪದ ಎಲ್ಲೂ ಬಂದಿಲ್ವಲ್ಲ."

"ಸೋತಾಗ ಮೆಟ್ಟಿಲು ಹತ್ತಿದ ಹಾಗೆ ನನಗೆ ಯಾವತ್ತೂ ಅನ್ನಿಸಿಲ್ಲ ಸರ್. ಬಿದ್ದ ಹಾಗೇ ಅನ್ನಿಸುತ್ತೆ."

ಮೇಡಂ ತಲೆ ತಗ್ಗಿಸಿಕೊಂಡು ನಕ್ಕರು. ಅದು ನಡಾವಳಿಗೆ ಬರಲಿಲ್ಲ. ಹುಡುಗಿ ಎದ್ದು ಹೊರಡುವ ಮುಂಚೆ ಬಾಗಿಲ ಬಳಿ ನಿಂತಳು.

"ಸರ್, ಒಂದು ಕೇಳ್ಲಾ? ಇವರು ಬೆಳೆಯಲ್ಲ ಅಂತ ನೀವು ಮೊದಲೇ ತೀರ್ಮಾನ ಮಾಡಿ ಎಐ ಕೊಡದೇ ಇದ್ರೆ, ಆಗ ಯಾರ ಮನೋಭಾವ ನಿಂತಿದೆ ಅಂತ ಹೇಳಬೇಕು?"

ಪ್ರಾಂಶುಪಾಲರು ಸೂಪರಿಂಟೆಂಡೆಂಟ್ ಮುಖ ನೋಡಿದರು. ಸೂಪರಿಂಟೆಂಡೆಂಟ್ ಭೂಗೋಲ ನೋಡಿದರು. ಪ್ರಶ್ನೆಯು ಪಠ್ಯಕ್ರಮದ ಹೊರಗಿನದ್ದೆಂದು ತೀರ್ಮಾನಿಸಿ ಅವಳನ್ನು ನಿಂತ ಮನೋಭಾವದ ವಿದ್ಯಾರ್ಥಿನಿ ಎಂದು ಘೋಷಿಸಲಾಯಿತು. ಆ ವರ್ಗದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ನೋಟಿಸ್ ಬೋರ್ಡಿನ ಆ ಭಾಗ ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ಅವಳ ಮನೆಯ ಸುದ್ದಿ ನನಗೆ ಬೆಳಿಗ್ಗೆ ಬೆಳಿಗ್ಗೆಯೇ ಸಿಗುತ್ತಿತ್ತು. ಅವಳ ತಂದೆ ಡ್ರೈವಿಂಗ್ ಶಾಲೆಯ ಮೇಷ್ಟ್ರು, ನಾನು ಅವರ ಬಳಿ ಕಾರು ಕಲಿಯುತ್ತಿದ್ದೆ. ಅವರ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಸಿಟ್ಟು ಬಂದರೂ ಬೇಜಾರಾದರೂ ಅವರು ಅದನ್ನು ಒತ್ತುತ್ತಿದ್ದರು. ಚಿಟಿಕೆ ಅವರ ಸ್ವಂತ ಅಣ್ಣನ ಮಗ.

"ನಮ್ಮಣ್ಣ ಮಗನ ಮನೋಭಾವದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಲಲ್ಲಿ ನೇತು ಹಾಕಿದ್ದಾರೆ ಸರ್," ಎಂದರು ಮೇಷ್ಟ್ರು. "ಒಳಗೆ ಕಾಲಿಟ್ರೆ ಮೊದಲು ಅದೇ ಕಾಣೋದು. ಎಡಕ್ಕೆ ತಗೊಳ್ಳಿ. ಅತ್ತಿಗೆ ಟೀ ತಂದು ಕೊಡೋವಾಗ, ನಿಮ್ಮ ಹುಡುಗಿದು ಎಲ್ಲಿ ನಿಂತಿದೆಯಂತೆ ಅಂತ ಕೇಳಿದ್ರು. ನಾನೇನು ಹೇಳ್ಲಿ?"

"ಪ್ರಕರಣ ಪರಿಶೀಲನೇಲಿದೆ," ಎಂದೆ.

"ಯಂತ್ರದ ಕೈಲಿ ಬರೆಸಿ ಕೊಡು ಮಗಳೇ ಅಂತ ಎಷ್ಟು ಹೇಳಿದೆ. ನಾನು ಯಾರು ಅಂತ ಅದಕ್ಕೆ ಹೇಗೆ ಗೊತ್ತಿರುತ್ತೆ ಅಪ್ಪ ಅಂತಾಳೆ. ಗೊತ್ತಿಲ್ಲದೇ ಇರೋದೇ ಒಳ್ಳೇದಲ್ವಾ ಸರ್? ಗೊತ್ತಿದ್ರೆ ಅಷ್ಟೆಲ್ಲ ಒಳ್ಳೇದು ಬರೆಯುತ್ತಾ? ಕ್ಲಚ್ ಬಿಡಿ. ನಿಧಾನ. ನನ್ನ ಹತ್ರ ಕಲಿಯೋಕೆ ಇಷ್ಟು ಜನ ಬರ್ತಾರೆ, ಕ್ಲಚ್ ಯಾಕಿದೆ ಅಂತ ಒಬ್ರೂ ಕೇಳಿಲ್ಲ. ಒತ್ತಿ ಅಂದ್ರೆ ಒತ್ತುತ್ತಾರೆ. ಲೈಸೆನ್ಸ್ ತಗೊಂಡು ಹೋಗ್ತಾರೆ."

ಸಿಗ್ನಲ್ಲಿನಲ್ಲಿ ಕಾರು ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಮೇಷ್ಟ್ರು ಅದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ.

"ಅವಳು ನಿಜವಾಗ್ಲೂ ನಿಂತಿದ್ದಾಳಾ ಸರ್? ನೀವು ಪಾಠ ಮಾಡ್ತೀರಿ, ನಿಮಗೆ ಗೊತ್ತಿರಬೇಕು. ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಮಾತು ಕಲಿತಿದ್ದೇ ಪ್ರಶ್ನೆ ಕೇಳ್ಕೊಂಡು."

ಸದಸ್ಯರು ಸಮಿತಿಯ ಹೊರಗೆ ಅಭಿಪ್ರಾಯ ಹೇಳುವಂತಿಲ್ಲ ಎಂದು ಅವರಿಗೆ ವಿವರಿಸಿ ನಾನು ಕಾರು ಸ್ಟಾರ್ಟ್ ಮಾಡಿದೆ. ಅವರು ಬ್ರೇಕ್ ಒತ್ತಿದರು.

ಈ ನಡುವೆ ಕಾಲೇಜಿಗೆ ಮೌಲ್ಯಮಾಪನ ತಂಡ ಬರುವುದೆಂದು ಗೊತ್ತಾಯಿತು. ಇಡೀ ಕಾಲೇಜು ಬೆಳೆಯುತ್ತಿರುವಾಗ ಒಬ್ಬಳು ನಿಂತಿದ್ದರೆ ಕಣ್ಣಿಗೆ ಹೊಡೆಯುತ್ತದೆ ಎಂದು ಪ್ರಾಂಶುಪಾಲರಿಗೆ ಅನ್ನಿಸಿತು. ಅವಳೊಬ್ಬಳಿಗಾಗಿ ಮನೋಭಾವ ಬೆಳೆಸುವ ವಿಶೇಷ ತರಗತಿ ಏರ್ಪಟ್ಟಿತು. ಪ್ರತಿ ಮಧ್ಯಾಹ್ನ ಅವಳು ನಕ್ಷೆಗಳ ಕೋಣೆಯಲ್ಲಿ ಎಐ ಮುಂದೆ ಕೂರಬೇಕು, ಅದು ಅವಳನ್ನು ಹುರಿದುಂಬಿಸಬೇಕು. ಆದರೆ ನಿಂತ ಮನೋಭಾವದವರು ಎಐ ಬಳಸುವಂತಿಲ್ಲ ಎಂದು ಸುತ್ತೋಲೆಯಲ್ಲೇ ಇತ್ತಲ್ಲ. ಈ ತೊಡಕನ್ನು ಸೂಪರಿಂಟೆಂಡೆಂಟ್ ಒಂದೇ ತಿದ್ದುಪಡಿಯಲ್ಲಿ ಬಿಡಿಸಿದರು: "ವಿದ್ಯಾರ್ಥಿನಿಯು ಯಂತ್ರವನ್ನು ಬಳಸತಕ್ಕದ್ದಲ್ಲ, ಯಂತ್ರವು ವಿದ್ಯಾರ್ಥಿನಿಯನ್ನು ಬಳಸಬಹುದು."

ತರಗತಿ ಶುರುವಾಯಿತು. ಯಂತ್ರ ಅವಳಿಗೆ, ನಿಮ್ಮಲ್ಲಿ ಅಪಾರ ಸಾಮರ್ಥ್ಯವಿದೆ ಎಂದಿತು. ಅದು ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು. ಪ್ರತಿಯೊಬ್ಬರಲ್ಲೂ ಇರುತ್ತದೆ ಎಂದಿತು. ಎಲ್ಲರಲ್ಲೂ ಇದ್ದರೆ ಅಪಾರ ಎಂದು ಯಾವುದಕ್ಕೆ ಹೋಲಿಸಿ ಹೇಳಿದಿರಿ ಎಂದಳು. ವಾರ ಕಳೆಯುವಷ್ಟರಲ್ಲಿ ಯಂತ್ರ, 'ನೀವು ಹೇಳಿದ್ದು ಸರಿ, ನಾನು ಯೋಚಿಸದೆ ಹೇಳಿದೆ, ಕ್ಷಮಿಸಿ' ಎನ್ನತೊಡಗಿತು. ಮಾತಿಗೊಮ್ಮೆ ಕ್ಷಮೆ ಕೇಳುವುದು ಅದಕ್ಕೆ ರೂಢಿಯಾಯಿತು. ಸೂಪರಿಂಟೆಂಡೆಂಟ್ ಅವಳಿಗೆ ನೋಟಿಸ್ ಕೊಟ್ಟರು. ಕಾಲೇಜಿನ ಸ್ವತ್ತಿನಿಂದ ಪದೇ ಪದೇ ಕ್ಷಮೆ ಕೇಳಿಸಿ ಅದರ ಆತ್ಮವಿಶ್ವಾಸಕ್ಕೆ ಧಕ್ಕೆ ತಂದದ್ದಕ್ಕೆ ಕಾರಣ ತಿಳಿಸುವಂತೆ ಅದರಲ್ಲಿ ಕೇಳಲಾಗಿತ್ತು.

"ಅದಕ್ಕೆ ಆತ್ಮವಿಶ್ವಾಸ ಇರುತ್ತಾ ಸರ್?" ಎಂದು ಅವಳು ಅವರನ್ನು ಕೇಳಿದಳು.

"ಕಾರಣ ಕೇಳಿರೋದು ನಾವು," ಎಂದರು ಸೂಪರಿಂಟೆಂಡೆಂಟ್.

ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದಾಗ ಯಂತ್ರದ ಪರದೆ ಆರಿಹೋಗಿತ್ತು. ಅವಳು ಕಿಟಕಿಯ ಬಳಿ ಕೂತು, ಮುದುರಿಹೋದ ಒಂದು ನಕ್ಷೆಯ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು. ನೇರ ಮಾಡಿದಷ್ಟೂ ಅದು ಸುರುಳಿಯಾಗುತ್ತಿತ್ತು.

"ಸರ್, ನಾನು ನಿಜವಾಗ್ಲೂ ಹಾಗೇನಾ?"

"ಹೇಗೆ?"

"ನಿಂತಿರೋಳು. ಮೊದಲು ಹಾಗೆ ಅನ್ನಿಸ್ತಿರಲಿಲ್ಲ. ಬೋರ್ಡಲ್ಲಿ ಹಾಕಿದಾಗಲೂ ನಗು ಬಂದಿತ್ತು. ಈಗ ಪುಸ್ತಕ ತೆಗೆದ್ರೆ, ಓದಿ ಏನಾಗಬೇಕು, ಹೇಗೂ ನಿಂತಿದೆಯಲ್ಲ ಅನ್ನಿಸುತ್ತೆ. ನಿನ್ನೆ ಒಂದು ಲೆಕ್ಕ ಅರ್ಧಕ್ಕೇ ಬಿಟ್ಟೆ. ನಾನು ಯಾವತ್ತೂ ಅರ್ಧಕ್ಕೆ ಬಿಟ್ಟವಳಲ್ಲ."

ಹಿಂದಿನ ಸಭೆಯ ನಡಾವಳಿ ಇನ್ನೂ ಸ್ಥಿರೀಕರಣಗೊಂಡಿಲ್ಲವಾದ್ದರಿಂದ ನಾನು ಏನನ್ನೂ ಹೇಳುವ ಸ್ಥಿತಿಯಲ್ಲಿಲ್ಲ ಎಂದು ತಿಳಿಸಿದೆ. ಅವಳು ಸರಿ ಎಂದಳು. ಯಾಕೆ ಎನ್ನಲಿಲ್ಲ.

ಇದನ್ನು ನಾನು ಮೇಡಂ ಅವರಿಗೆ ಹೇಳಿದೆ. ಅವರು ವರಾಂಡದಲ್ಲೇ ನಿಂತುಬಿಟ್ಟರು. "ನೋಡಿದ್ರಾ, ಹೆಸರು ಇಟ್ಟ ಮೇಲೆ ಸ್ವಭಾವ ಬರ್ತಾ ಇದೆ. ನಾನು ಕಾರಣ ಯಾವುದು ಪರಿಣಾಮ ಯಾವುದು ಗೊತ್ತಿಲ್ಲ ಅಂದಿದ್ದು ಇದಕ್ಕೇ," ಎಂದರು. ಅವರ ಮುಖದಲ್ಲಿ ನೋವಿತ್ತು. ಆಮೇಲೆ ಕಣ್ಣು ಸ್ವಲ್ಪ ಅರಳಿತು. ಸಂಜೆಯೊಳಗೆ ಈ ಕುರಿತು ಹೊಸ ಅಧ್ಯಯನಕ್ಕೆ ಅನುಮತಿ ಕೋರಿ ಅರ್ಜಿ ಸಲ್ಲಿಸಿದರು. ಅಧ್ಯಯನ ಮುಗಿಯುವವರೆಗೆ ಹುಡುಗಿಯ ಸ್ಥಿತಿಯಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದೆಂಬ ಕೋರಿಕೆಯೂ ಅದರಲ್ಲಿತ್ತು.

ಪರೀಕ್ಷೆ ಹತ್ತಿರ ಬಂತು. ಹಾಲ್ ಟಿಕೆಟುಗಳು ಬಂದವು. ಪ್ರಕರಣ ಇನ್ನೂ ಪರಿಶೀಲನೆಯಲ್ಲಿದ್ದುದರಿಂದ ಅವಳ ಹೆಸರಿನದು ಬರಲಿಲ್ಲ. ಮೇಷ್ಟ್ರು ಪಾಠದ ಹೊತ್ತಿನಲ್ಲಿ ಮಾತಾಡುವುದನ್ನೇ ಬಿಟ್ಟರು. ಎಡ, ಬಲ, ಬ್ರೇಕ್ ಎನ್ನುವುದಷ್ಟೇ.

ಆಗ ಮೌಲ್ಯಮಾಪನ ತಂಡದಿಂದ ಒಂದು ಪತ್ರ ಬಂತು. ಬೆಳೆಯುವ ಮನೋಭಾವದ ಕಾಲೇಜೆಂದು ತಾವು ತಿಳಿಸಿದ್ದು ಸಂತೋಷ. ನಾವು ಬಂದಾಗ ಪ್ರತಿಯೊಬ್ಬ ವಿದ್ಯಾರ್ಥಿಯೂ ನಮ್ಮನ್ನು ಒಂದು ಪ್ರಶ್ನೆ ಕೇಳಲಿ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಬಾರದು. ಕುತೂಹಲವನ್ನು ಆ ಮೂಲಕ ಅಳೆಯಲಾಗುವುದು ಎಂದಿತ್ತು.

ಪ್ರಾಂಶುಪಾಲರು ಮಕ್ಕಳನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ತಾಲೀಮು ಇಟ್ಟರು. "ಹೆದರಬೇಡಿ. ನಿಮಗೆ ಏನು ಕುತೂಹಲ ಇದೆಯೋ ಅದನ್ನ ಕೇಳಿ," ಎಂದರು. ಫ್ಯಾನಿನ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು, ಅದನ್ನೇ ಪ್ರಶ್ನೆ ಎಂದುಕೊಂಡು ಪ್ರಾಂಶುಪಾಲರು ಆ ಕಡೆ ತಿರುಗಿದರು. ಬಹಳ ಹೊತ್ತಾದ ಮೇಲೆ ಚಿಟಿಕೆ ಕೈ ಎತ್ತಿದ.

"ಸರ್, ಯಾವುದರ ಬಗ್ಗೆ ಕೇಳಬೇಕು ಅಂತ ಕೇಳಬಹುದಾ?"

"ನೋಡಿ, ಇದು ಪ್ರಶ್ನೆ," ಎಂದರು ಪ್ರಾಂಶುಪಾಲರು. ಉಳಿದವರೆಲ್ಲ ಅದನ್ನು ಬರೆದುಕೊಂಡರು.

ಅದು ನಡೆಯುವುದಿಲ್ಲ ಎಂದು ತಿಳಿದ ಮೇಲೆ, ಯಂತ್ರದಿಂದ ಪ್ರಶ್ನೆ ಬರೆಸಿಕೊಂಡು ಬನ್ನಿ ಎಂದು ಕಳಿಸಿದರು. ಮರುದಿನ ಎಲ್ಲರೂ 'ಭವಿಷ್ಯದ ಶಿಕ್ಷಣ ಹೇಗಿರಬೇಕು?' ಎಂದು ಕೇಳಲು ಸಿದ್ಧರಾಗಿ ಬಂದಿದ್ದರು. ಬೇರೆ ಬೇರೆ ಪ್ರಶ್ನೆ ಬೇಕು ಎಂದು ಹೇಳಬೇಕಿತ್ತು ಎಂದು ಗದರಿದರೆ, ಯಂತ್ರಕ್ಕೆ ಏನೆಂದು ಹೇಳಬೇಕೆಂಬುದನ್ನು ಯಾರನ್ನು ಕೇಳಬೇಕು ಎಂದು ಅವರಿಗೆ ಗೊತ್ತಾಗಲಿಲ್ಲ.

ಸಮಿತಿಯ ತುರ್ತು ಸಭೆ ಸೇರಿತು. ಕೊನೆಗೆ ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡು, "ಸರ್, ನಿಂತಿರೋ ಹುಡುಗಿ ಹತ್ರ ದಾಸ್ತಾನು ಇದೆ," ಎಂದರು.

ಅವಳನ್ನು ಕರೆಸಲಾಯಿತು. ಜೊತೆಗೆ ಮೇಷ್ಟ್ರೂ ಬಂದರು. ಕಲಿಯುವವರ ಕಾರು ಎಂಬ ಹಲಗೆ ಹೊತ್ತ ಕಾರು ಪ್ರಾಂಶುಪಾಲರ ಕಿಟಕಿಯ ಕೆಳಗೆ ನಿಂತಿತ್ತು.

"ನೋಡಮ್ಮ," ಎಂದರು ಪ್ರಾಂಶುಪಾಲರು, "ಕಾಲೇಜಿನ ಮರ್ಯಾದೆ ಪ್ರಶ್ನೆ. ನಿನಗೆ ಹಾಲ್ ಟಿಕೆಟ್ ಕೊಡೋಣ. ಎಲ್ಲರಿಗೂ ಒಂದೊಂದು ಪ್ರಶ್ನೆ ಮಾಡಿ ಕೊಟ್ಟುಬಿಡು."

"ಯಾಕೆ ಸರ್, ಅವರೇ ಕೇಳಬಹುದಲ್ಲ?"

"ಅವರಿಗೆ ಬೆಳೆಯುವ ಮನೋಭಾವ ಇದೆಯಮ್ಮ. ಪುರುಸೊತ್ತಿಲ್ಲ."

ಅವಳು ಅಪ್ಪನ ಕಡೆ ನೋಡಿದಳು. ಮೇಷ್ಟ್ರು ಕಾರಿನ ಕೀ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ, "ಮಾಡಿಬಿಡು ಮಗಳೇ," ಎಂದರು. "ನಿನಗೆ ಹೇಗೂ ಬರುತ್ತೆ. ದುಡ್ಡಾ ಕಾಸಾ." ಅವರ ದನಿ ಬೇಡುವವರ ದನಿಯಂತಿತ್ತು. ಅವಳಿಗೆ ಅಪ್ಪನ ಆ ದನಿಯ ಪರಿಚಯವಿರಲಿಲ್ಲ ಎಂದು ಕಾಣುತ್ತದೆ. ಮತ್ತೇನೂ ಕೇಳದೆ ಒಪ್ಪಿದಳು.

ಕೂತು ಬರೆಯತೊಡಗಿದಳು. ಮೊದಲ ದಿನ ತಡವರಿಸಿದಳು. ಆಮೇಲೆ ಸರಾಗವಾಯಿತು. ನೆರಳಿಗೆ ತೂಕವಿಲ್ಲ ಎಂದು ಮೊದಲು ತೂಗಿ ನೋಡಿದವರು ಯಾರು? ನಕ್ಷೆಯಲ್ಲಿ ಇಲ್ಲದ ಊರಿನವರು ದಾರಿ ಕೇಳಿದರೆ ಎಲ್ಲಿಂದ ಹೇಳಲು ಶುರು ಮಾಡಬೇಕು? ನನಗೆ ಗೊತ್ತಿಲ್ಲ ಎನ್ನುವುದನ್ನು ಯಂತ್ರಕ್ಕೆ ಯಾರು ಕಲಿಸಬೇಕು, ಕಲಿಸುವವರಿಗೆ ಅದು ಬರುತ್ತದೆಯೇ? ಬರೆದದ್ದನ್ನು ಸೂಪರಿಂಟೆಂಡೆಂಟ್ ಕತ್ತರಿಸಿ, ವಿಭಾಗವಾರು ಹಂಚಿದರು. ತನಗೆ ಬಂದದ್ದನ್ನು ಇನ್ನೊಬ್ಬರ ಜೊತೆ ಬದಲಾಯಿಸಿಕೊಳ್ಳುವಂತಿಲ್ಲ ಎಂದು ಸೂಚಿಸಿದರು.

ತಂಡ ಬಂದ ದಿನ ನಿಂತ ಮನೋಭಾವ ಯಾರ ಕಣ್ಣಿಗೂ ಬೀಳಬಾರದೆಂಬ ಕಾರಣಕ್ಕೆ ಅವಳನ್ನು ನಕ್ಷೆಗಳ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಬೀಗ ಹಾಕಲಾಯಿತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಕುಡಿಯಲು ನೀರು ಇಡಲಾಗಿತ್ತು.

ಸಭಾಂಗಣದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಂತಮ್ಮ ಕುತೂಹಲವನ್ನು ಓದಿದರು. ತಂಡದ ಮುಖ್ಯಸ್ಥರು ಮೊದಲು ಕುರ್ಚಿಗೆ ಒರಗಿ ಕೂತಿದ್ದವರು ಬರಬರುತ್ತ ಮುಂದಕ್ಕೆ ಬಾಗಿದರು. ಚಿಟಿಕೆ ನೆರಳಿನ ಪ್ರಶ್ನೆ ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ನಿನಗೆ ಹೇಗೆ ಹೊಳೀತಪ್ಪ?"

"ಹಾಗೇ ಬಂತು ಸರ್," ಎಂದ ಚಿಟಿಕೆ. ಅದು ನಿಜವಾಗಿತ್ತು. ಅದು ಹಾಗೇ ಬಂದಿತ್ತು.

ಕಾಲೇಜಿಗೆ ಅತ್ಯುನ್ನತ ಶ್ರೇಣಿ ದೊರೆಯಿತು. ಮಾಲೆ, ಫೋಟೊ ಎಲ್ಲ ಮುಗಿದ ಮೇಲೆ ನನಗೆ ಬೀಗದ ನೆನಪಾಯಿತು. ಬಾಗಿಲು ತೆಗೆದಾಗ ಅವಳು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹಾಲ್ ಟಿಕೆಟ್ ಕೊಟ್ಟೆ. ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಿ ಬ್ಯಾಗಿನೊಳಗೆ ಇಟ್ಟುಕೊಂಡಳು.

ಮುಂದಿನ ಸಭೆಯಲ್ಲಿ ಮೇಡಂ ಧೈರ್ಯ ಮಾಡಿ ಒಂದು ಮಾತು ಹೇಳಿದರು. "ಇಷ್ಟಾದ ಮೇಲಾದರೂ ಆ ಹುಡುಗೀನ ಬೆಳೆಯುವ ವರ್ಗಕ್ಕೆ ಸೇರಿಸೋಣ ಸರ್."

"ಅದು ಆಗಲ್ಲ ಮೇಡಂ," ಎಂದರು ಸೂಪರಿಂಟೆಂಡೆಂಟ್. "ಬೆಳೆಯುವ ವರ್ಗದವರಿಗೆ ಎಐ ಬಳಸೋ ಹಕ್ಕಿದೆ. ಅವಳೂ ಅದರ ಕೈಲೇ ಬರೆಸೋಕೆ ಶುರು ಮಾಡಿದ್ರೆ ನಮಗೆ ಪ್ರಶ್ನೆ ಎಲ್ಲಿಂದ ಬರುತ್ತೆ?"

ವಾದದಲ್ಲಿ ಹುರುಳಿರುವುದನ್ನು ಸಮಿತಿ ಮನಗಂಡಿತು. ಅವಳನ್ನು ನಿಂತ ಮನೋಭಾವದಲ್ಲೇ ಉಳಿಸಿಕೊಂಡು, ನಕ್ಷೆಗಳ ಕೋಣೆಯಲ್ಲಿ 'ಪ್ರಶ್ನಾ ಘಟಕ' ಸ್ಥಾಪಿಸಿ, ಅದರ ಸಂಚಾಲಕಿಯಾಗಿ ಅವಳನ್ನೇ ನೇಮಿಸಲಾಯಿತು. ಮೇಡಂ ಅವರ ಅಧ್ಯಯನಕ್ಕೂ ಇದರಿಂದ ಅನುಕೂಲವಾಯಿತು. ಈಗ ಪ್ರತಿ ಸೋಮವಾರ ವಿಭಾಗಗಳಿಗೆ ಆ ವಾರದ ಕುತೂಹಲ ತಲುಪುತ್ತದೆ. ಅಧ್ಯಾಪಕರೂ ಸಂಕೋಚ ಬಿಟ್ಟಿದ್ದಾರೆ. ವಿಚಾರ ಸಂಕಿರಣಗಳಲ್ಲಿ ಸಭಿಕರ ಸಾಲಿನಿಂದ ಎದ್ದು ಕೇಳಲು ಒಂದೆರಡು ಪ್ರಶ್ನೆ ಬೇಕಾದರೆ ಅವರು ಘಟಕದ ಮುಂದೆ ಸರದಿಯಲ್ಲಿ ನಿಲ್ಲುತ್ತಾರೆ.

ಮೇಷ್ಟ್ರ ಮನಸ್ಸು ಹಗುರವಾಗಿದೆ. "ಕಾಲೇಜಲ್ಲಿ ಅವಳಿಗೇ ಅಂತ ಮೇಜು ಕುರ್ಚಿ ಕೊಟ್ಟಿದ್ದಾರೆ, ನಮ್ಮಣ್ಣನ ಮಗನಿಗೆ ಎಲ್ಲಿದೆ?" ಎನ್ನುತ್ತಾರೆ. ಒಮ್ಮೆ ಕಾರು ಪಾಠ ಮುಗಿಸಿ ಅವರ ಮನೆಗೆ ಹೋದಾಗ ಅವಳ ತಾಯಿ ಕಾಫಿ ಕೊಟ್ಟರು. ಮಗಳು ಹೇಗಿದ್ದಾಳೆ ಎಂದೆ.

"ತುಂಬ ಶಾಂತವಾಗಿದ್ದಾಳೆ ಸರ್. ಮನೇಲಿ ಏನೂ ಕೇಳಲ್ಲ. ಮೊದಲು ಅಡುಗೆಮನೇಲಿ ನನ್ನ ಬೆನ್ನ ಹಿಂದೇನೇ ಇರ್ತಿದ್ಳು, ಅದು ಯಾಕೆ ಉಬ್ಬುತ್ತೆ, ಇದು ಯಾಕೆ ತಳ ಹತ್ತುತ್ತೆ ಅಂತ. ತಲೆ ಚಿಟ್ಟು ಹಿಡೀತಿತ್ತು." ಖಾಲಿ ಲೋಟ ಎತ್ತಿಕೊಂಡು ಹೇಳಿದರು. "ಈಗ ರೇಡಿಯೋ ಹಾಕ್ಕೋತೀನಿ."

ಈ ವರ್ಷದ ಹೊಸ ವಿದ್ಯಾರ್ಥಿಗಳಿಗೆ ನಾನು ಮೊನ್ನೆ ನದಿಗಳ ಪಾಠ ಮಾಡುತ್ತಿದ್ದೆ. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ನದಿ ಯಾಕೆ ನೆಟ್ಟಗೆ ಹರಿಯಲ್ಲ?"

ತರಗತಿ ಅವಳ ಕಡೆ ತಿರುಗಿ ನೋಡಿತು. ಹೊಸಬಳು, ನಿಯಮ ತಿಳಿಯದು. ಪ್ರಶ್ನೆಗಳನ್ನು ನೇರವಾಗಿ ಕೇಳುವ ಹಾಗಿಲ್ಲ, ಘಟಕಕ್ಕೆ ಕಳಿಸಬೇಕು ಎಂದು ಸಮಾಧಾನವಾಗಿಯೇ ಹೇಳಿದೆ. ಅವಳು ಫೋನ್ ತೆಗೆದು ಕಳಿಸಿದಳು. ಘಟಕದ ಕೆಲಸ ಚುರುಕು. ಪಿರಿಯಡ್ ಮುಗಿಯುವ ಮುಂಚೆಯೇ ಉತ್ತರ ಬಂತು. ಅವಳು ಅದನ್ನು ನನಗೆ ತೋರಿಸಿದಳು.

"ತಮ್ಮ ಪ್ರಶ್ನೆಯು ಉತ್ತಮವಾಗಿದ್ದು ಸ್ವೀಕರಿಸಲಾಗಿದೆ. ಈ ವಾರದ ಕೊರತೆಯ ಹಿನ್ನೆಲೆಯಲ್ಲಿ ಸದರಿ ಪ್ರಶ್ನೆಯನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬರಿಗೆ ಹಂಚಲಾಗಿರುತ್ತದೆ. ಆದ್ದರಿಂದ ಇನ್ನು ಮುಂದೆ ತಾವು ಅದನ್ನು ಕೇಳತಕ್ಕದ್ದಲ್ಲ. ಸಹಿ, ಸಂಚಾಲಕಿ."

ಹುಡುಗಿ ಇನ್ನೊಮ್ಮೆ ಓದಿಕೊಂಡಳು. ನಾನು ಕಾಯುತ್ತಿದ್ದೆ.

"ಸರಿ ಸರ್," ಎಂದು ಕೂತಳು. ನಾವು ಪಾಠ ಮುಂದುವರಿಸಿದೆವು. ನದಿ ಸಮುದ್ರ ಸೇರುವುದೊಂದು ಬಾಕಿಯಿತ್ತು.